ಎತ್ತುವ ಸಾಲು, ಹಿಡಿಯುವ ಸಾಲು

ಮುಟ್ಟಳ್ಳಿ, ಭಟ್ಕಳ
ಭಾನುವಾರ, ೨೪ ಆಗಸ್ಟ್ ೨೦೨೫

ಪ್ರೀತಿಯ ಚಂದನಕ್ಕಾ,

ಹೇಗಿದ್ದೀಯೆ? ಜರ್ಮನಿಯ ನೀರು ಒಗ್ಗದೆ ಗಂಟಲು ಕಟ್ಟಿದೆಯಂತೆ, ಅಮ್ಮ ಹೇಳಿದಳು. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು. ನರ್ಸಿಗೆ ಇನ್ನೊಬ್ಬಳು ನರ್ಸು ಹೇಳುವ ಮದ್ದೇ ಇದು ಎಂದು ನಗಬೇಡ. ಇಲ್ಲಿ ಎಲ್ಲರೂ ಆರಾಮು. ಮಾಸ್ತಮ್ಮಜ್ಜಿಯ ಮಂಡಿನೋವು ಮಳೆ ಬಿಟ್ಟ ದಿನ ಕಮ್ಮಿ, ಹಿಡಿದ ದಿನ ಜಾಸ್ತಿ. ಫೋನ್ ಮಾಡಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ಅಳು ಬರುತ್ತದೆ, ಬೈಯಲಿಕ್ಕೆ ಆಗುವುದಿಲ್ಲ. ಅದಕ್ಕೇ ಕಾಗದ.

ಹೋದ ವರ್ಷದ ಗದ್ದೆ ನಟ್ಟಿ ನೆನಪಿದೆಯಾ? ನಾವಿಬ್ಬರೂ ಕುಮಟೆಯ ಜರ್ಮನ್ ಕ್ಲಾಸಿಗೆ ಸೇರಿ ತಿಂಗಳಾಗಿತ್ತು, ಒಂದು ವಾಕ್ಯವೂ ನಾಲಿಗೆಗೆ ಹತ್ತುತ್ತಿರಲಿಲ್ಲ. ಮಾತಿನ ಪರೀಕ್ಷೆಗೆ ಇಬ್ಬಿಬ್ಬರನ್ನು ಜೊತೆಗೆ ಕೂರಿಸುತ್ತಾರೆ, ಒಬ್ಬರು ಕೇಳಬೇಕು, ಇನ್ನೊಬ್ಬರು ಉತ್ತರಿಸಬೇಕು ಎಂದು ನಾವು ಹೇಳಿದಾಗ ಅಜ್ಜಿ ಗದ್ದೆಯಲ್ಲೇ ನಡು ನೆಟ್ಟಗೆ ಮಾಡಿ ನಿಂತು, "ಅಯ್ಯ, ಇದೆಂತ ದೊಡ್ಡದು! ಒಂದು ಸಾಲಿನವ್ರು ಎತ್ತೂದು, ಇನ್ನೊಂದು ಸಾಲಿನವ್ರು ಹಿಡಿಯೂದು. ನಮ್ಮ ನಟ್ಟಿ ಪದದ ಹಾಂಗೇ" ಅಂದಳು. ಅಂದಿನಿಂದ ನಾನು ಎತ್ತುವ ಸಾಲು, ನೀನು ಹಿಡಿಯುವ ಸಾಲು. ಸಸಿ ನೆಡುವ ಧಾಟಿಯಲ್ಲಿ ಜರ್ಮನ್ ಹಾಡಿದೆವಲ್ಲೇ! ಬದುವಿನ ಮೇಲೆ ಹೋಗುವವರೆಲ್ಲ ನಿಂತು ನಗುತ್ತಿದ್ದರು. ಒಂದೇ ದಿನ, ಒಂದೇ ಕೋಣೆಯಲ್ಲಿ ಪರೀಕ್ಷೆಗೆ ಕೂರುತ್ತೇವೆ ಎಂದು ಮಾತಾಗಿತ್ತು. ನಿನ್ನ ಸಾಲು ನಿನ್ನದೇ ಎಂದು ನಾನದನ್ನು ಕಲಿಯಲೇ ಇಲ್ಲ.

ಮೇ ತಿಂಗಳಲ್ಲಿ ಹೊನ್ನಾವರದ ನಮ್ಮ ಆಸ್ಪತ್ರೆಯಿಂದ ಎರಡು ದಿನದ ತರಬೇತಿ ಎಂದು ನೀನು ಮಂಗಳೂರಿಗೆ ಹೋದೆ. ನಿನ್ನ ಚೂಡಿದಾರಕ್ಕೆ ಇಸ್ತ್ರಿ ಹಾಕಿದವಳು ನಾನು. ನನ್ನ ಹೊಸ ಚಪ್ಪಲಿಯನ್ನೂ ಕೊಟ್ಟೆ. ಜೂನಿನಲ್ಲಿ ನಮ್ಮ ಪರೀಕ್ಷೆಯ ಹಿಂದಿನ ದಿನ ನಿನಗೆ ಜ್ವರ. ಗಂಜಿ ಕಾಸಿಟ್ಟು, ನಾನು ಅಳುತ್ತಾ ಒಬ್ಬಳೇ ರೈಲು ಹತ್ತಿದೆ. ನನ್ನ ಜೊತೆ ಕೂತವಳು ಯಾರೋ ಮಲಯಾಳಿ ಹುಡುಗಿ, ಪಾಪ. ನಾನು ನನ್ನ ಸಾಲು ಎತ್ತಿದೆ, ನಿಂತೆ. ಅವಳು ಬೇರೇನೋ ಹೇಳಿದಳು. ನಾನು ಇನ್ನೂ ನಿನ್ನ ಸಾಲಿಗೆ ಕಾಯುತ್ತಾ ಅವಳ ಬಾಯಿಯನ್ನೇ ನೋಡುತ್ತಿದ್ದೆ. ಎದುರಿದ್ದ ಮೇಡಂ ಎರಡು ಸಲ ಗಡಿಯಾರ ನೋಡಿದರು. ಫೇಲಾದೆ.

ನೀನು ವಿಮಾನ ಹತ್ತಿದ ಮೇಲೆ ಕ್ಲಾಸಿನ ರಮಾನಂದ ಸರ್ ಬಾಯಿ ಬಿಟ್ಟರು. ನೀನು ಮೇ ತಿಂಗಳಲ್ಲೇ, ತರಬೇತಿ ಎಂದು ಹೋದಾಗಲೇ, ಪರೀಕ್ಷೆ ಮುಗಿಸಿದ್ದೆಯಂತೆ. ಜರ್ಮನಿಯ ಆ ಆಸ್ಪತ್ರೆಯಲ್ಲಿದ್ದದ್ದು ಒಂದೇ ಜಾಗವಂತೆ, ಮೊದಲು ಪಾಸಾದವರಿಗೆ. ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಜಗಳ ಆಡುತ್ತಿದ್ದೆ, ಎರಡು ದಿನ ಮಾತು ಬಿಡುತ್ತಿದ್ದೆ, ಮತ್ತೆ ಅದೇ ಚೂಡಿದಾರಕ್ಕೆ ಇಸ್ತ್ರಿ ಹಾಕಿ ಕಳಿಸುತ್ತಿದ್ದೆ.

ಅದನ್ನೂ ನುಂಗಿಕೊಂಡೆ. ಮೊನ್ನೆ ಅಜ್ಜಿ ಏನೋ ಮಾತಿಗೆ, "ಚಂದನಾ ನಿನ್ನ ಸಾಲೂ ಕಲ್ತಿತ್ತಲೇ. ದಿನಾ ಬೆಳಿಗ್ಗೆ ನನ್ನೆದುರಿಗೆ ಕೂತು ಎರಡೂ ಸಾಲು ಹೇಳ್ತಿತ್ತು. ತಂಗಿ ಮರ್ತ್ರೆ ಹೇಳ್ಕೊಡೂಕೆ ಬೇಕು ಅಂತಿತ್ತು" ಅಂದಳು. ಎಷ್ಟು ಹೆಮ್ಮೆಯಿಂದ ಅಂದಳು ಗೊತ್ತಾ? ನನ್ನನ್ನು ಬಿಟ್ಟು ಒಬ್ಬಳೇ ಪರೀಕ್ಷೆಗೆ ಕೂರಲಿಕ್ಕೆ ನೀನು ಕಲಿತದ್ದು ಎಂದು ಹೇಳಲಿಕ್ಕೆ ನನ್ನಿಂದಾಗಲಿಲ್ಲ. ನನಗೆ ಮೋಸ ಮಾಡಿದ್ದು ಆತು, ಬಿಡು. ಆ ಮುದುಕಿಯನ್ನು ಎಂತಕ್ಕೆ ಅದಕ್ಕೆ ಸೇರಿಸಿಕೊಂಡೆ?

ಅಪ್ಪ, ಅಮ್ಮ ಆಶೀರ್ವಾದ ತಿಳಿಸಿದ್ದಾರೆ. ಅಜ್ಜಿ ನಿನಗೆಂದು ಕೋಕಂ ಸಿಪ್ಪೆ ಒಣಗಿಸಿಟ್ಟಿದ್ದಾಳೆ, ಹೋಗುವವರು ಸಿಕ್ಕಿದರೆ ಕಳಿಸುತ್ತೇವೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ಶಾಂಭವಿ

ತಾ.ಕ.: ಮರೆತಿದ್ದೆ. ಈ ತಿಂಗಳು ಮತ್ತೆ ಪರೀಕ್ಷೆಗೆ ಕೂತಿದ್ದೆ, ಎರಡೂ ಸಾಲು ಕಲಿತು. ನಿನ್ನೆ ಫಲಿತಾಂಶ ಬಂತು, ಪಾಸು. ಶುರುವಿಗೇ ಮೇಡಂ ಮನೆಯವರ ಬಗ್ಗೆ ವಿಚಾರಿಸಿದರು, ಒಡಹುಟ್ಟಿದವರು ಯಾರಾದರೂ ಇದ್ದಾರಾ ಎಂದರು. ಯಾರೂ ಇಲ್ಲ ಎಂದೆ. ತಡವರಿಸಲಿಲ್ಲ, ಯಾರಿಗೂ ಕಾಯಲಿಲ್ಲ. ಮೇಡಂ ನಕ್ಕು, ಚೆನ್ನಾಗಿ ಮಾತಾಡುತ್ತೀರಿ ಎಂದರು.