ಬಾಣದ ಗುರುತಿದ್ದ ಫೋಲ್ಡರ್

೪-೬-೨೦೦೭, ಸೋಮವಾರ

ಎಂಟರ ಬಸ್ಸು. ತೊಡೆಯ ಮೇಲೆ ಕಂಪ್ಯೂಟರ್ ಪೆಟ್ಟಿಗೆ, ನನ್ನ ಹೆಂಡತಿ ಕಾವೇರಿಯ ಹಳೇ ಸೀರೆಯಲ್ಲಿ ಸುತ್ತಿ. ಕಂಡಕ್ಟರ್, "ಏನ್ ಚಲುವಯ್ಯನೋರೆ, ಪೆಟ್ಟಿಗೆಗೂ ಟಿಕೆಟ್ ಹರೀಲಾ?" ಎಂದ. "ಅದ್ಕಿನ್ನೂ ಮೂರೇ ವರ್ಸ ಕಣಪ್ಪ, ಟಿಕೆಟ್ ಬೀಳಲ್ಲ" ಎಂದೆ.

ನಮ್ಮ ಬೊಂಬೆ ಫ್ಯಾಕ್ಟರಿ ಕೊಂಡ ಹೊಸ ಕಂಪನಿಯವರು ಎಲ್ಲ ಟೇಬಲ್ಲನ್ನೂ ನೆಟ್‌ವರ್ಕಿಗೆ ಸೇರಿಸುತ್ತಿದ್ದಾರೆ. ನನ್ನ ಟೇಬಲ್ಲಿಗೆ ಕಂಪ್ಯೂಟರ್ ಬರುವುದು ಮೂರು ತಿಂಗಳ ಮೇಲಂತೆ. ಅಲ್ಲಿವರೆಗೆ ಗೋಡೌನಿನಲ್ಲಿ ಮೂಟೆ ಎಣಿಸಬೇಕಂತೆ. ಅದಕ್ಕೇ ಮನೆಯದನ್ನೇ ಹೊತ್ತೆ.

ಕೇಬಲ್ ಎಳೆಯಲು ಬಂದ ಎಂಜಿನಿಯರ್ ಮುಷರಫ್ ಸಂಜೆವರೆಗೆ ಒದ್ದಾಡಿದ. "ಇದ್ರಲ್ಲಿರೋದು ವಿಂಡೋಸ್ ಹೋಂ ಎಡಿಷನ್ ಅಂಕಲ್. ಮನೆಗೆ ಸರಿ, ಆಫೀಸ್ ನೆಟ್‌ವರ್ಕು ಸೇರಿಸ್ಕೊಳಲ್ಲ. ಬೇರೆ ಹಾಕ್ಬೇಕು. ಸಿ ಡ್ರೈವ್ ಪೂರ್ತಿ ಅಳ್ಸೋಗ್ತದೆ. ಬೇಕಾದ್ದನ್ನ ಡಿ ಡ್ರೈವ್‌ಗೆ ಹಾಕ್ಬುಡಿ."

೫-೬

ಬೇಕಾದ್ದು ಒಂದೇ. ಪರದೆಯ ಮೂಲೆಯ 'ಪ್ರತಿಮಾಗೆ' ಫೋಲ್ಡರ್. ಹನ್ನೊಂದು ಕಾಗದ. ನಾನು ಟೈಪಿಂಗ್ ಕಲಿಯಲೆಂದು ಕಾವೇರಿ ಹೇಳಿದ್ದು, ಒಂದೇ ಬೆರಳಲ್ಲಿ ನಾನು ಕುಟ್ಟಿದ್ದು. ಅವಳಿಗೆ ಓದು ಬರಹ ಬಾರದು. ಹೇಳದೆ ಮದುವೆಯಾದ ಮಗಳೊಂದಿಗೆ ಮಾತು ಬಿಟ್ಟಿದ್ದಳು. ಆಡಿದ್ದೆಲ್ಲ ಈ ಕಾಗದಗಳಲ್ಲೇ. "ಕಳಿಸ್ಬ್ಯಾಡಿ. ಮೊದ್ಲು ಅವ್ಳು ಬರ್ಲಿ." ಪ್ರತಿಮಾ ಬಂದದ್ದು ಹೋದ ವರ್ಷ... ಅವ್ವನ ಮಣ್ಣಿಗೆ.

ಮುಷರಫ್ ಸಹಾಯಕ್ಕೆ ಬಂದ. ಬೇಡವೆಂದೆ. ಮನೆಯ ಮಾತು, ಹೊರಗಿನವರ ಕಣ್ಣಿಗೇಕೆ. ನಾನೇ ಎಳೆದು ಡಿಗೆ ಹಾಕಿದೆ.

೬-೬

ಮುಷರಫ್ ಸಿ ಡ್ರೈವ್ ಅಳಿಸಿ ಹೊಸದು ಹಾಕಿದ. ನೆಟ್‌ವರ್ಕು ಸೇರಿಸಿಕೊಂಡಿತು. ಟೇಬಲ್ ಉಳಿಯಿತು.

ಸಂಜೆ ಕುದೂರಿಗೆ, ಪ್ರತಿಮಾಗೆ ಫೋನ್ ಮಾಡಿದೆ. "ನಿಮ್ಮವ್ವ ನಿಂಗಂತ ಬರ್ಸಿದ್ ಕಾಗ್ದ ಅವೆ ಕಣವ್ವ. ತಿಥಿಗೆ ಬಂದಾಗ ಕೊಡ್ತೀನಿ."



"ಅದ್ರಲ್ಲಿ ಅವ್ವ ನನ್ನ ಬೈದವ್ಳಾ ಅಪ್ಪ?"

"ಬಂದು ನೀನೇ ಓದ್ಕೊ."

೧೧-೬

ಪ್ರಿಂಟರ್ ಇವತ್ತು ನನ್ನ ಟೇಬಲ್ಲಿಗೂ ಸಿಕ್ಕಿತು. ಫೋಲ್ಡರ್ ಒತ್ತಿದೆ. ಪರದೆಯಲ್ಲೊಂದು ಟಾರ್ಚು ಅತ್ತಿತ್ತ ಬೆಳಕು ಬಿಟ್ಟು ಹುಡುಕಿತು. ಹುಡುಕಿ ನಿಂತಿತು. ಏನೂ ಇಲ್ಲ.

ಮುಷರಫ್ ಬಗ್ಗಿ ನೋಡಿದ. "ಅಂಕಲ್... ಈ ಪುಟ್ಟ ಬಾಣ ನೋಡಿ. ಇದು ಫೋಲ್ಡರ್ ಅಲ್ಲ, ಶಾರ್ಟ್‌ಕಟ್. ಅಲ್ಲಿಗೋಗೋ ದಾರಿ ಅಷ್ಟೇ. ಕಾಗ್ದ ಎಲ್ಲ ಸಿ ಡ್ರೈವ್‌ನಲ್ಲೇ ಇದ್ವು."

ಊಟ ಬಿಟ್ಟು ಏನೇನೋ ಹಾಕಿ ತಡಕಿದ, ಪಾಪ. ಸಿಗಲಿಲ್ಲ. "ಒಂದ್ ಮಾತು ನನ್ನ ಕೇಳಿದ್ರೆ..." ಎಂದವನು ಅಲ್ಲಿಗೇ ನಿಲ್ಲಿಸಿದ.

೨೨-೬, ಶುಕ್ರವಾರ

ನಾಳಿದ್ದು ತಿಥಿ. ಪ್ರತಿಮಾ ನಾಳೆಯೇ ಬರುತ್ತಾಳೆ. ಕಾಗದ ಹೋದದ್ದು ಹೇಳಿಲ್ಲ.

ನೆನಪಿನಿಂದ ಬರೆಯಲು ಕೂತೆ. ಬೆರಳು ಅಕ್ಷರ ಹುಡುಕುತ್ತಿದ್ದಾಗ ಕಿವಿ ಎಲ್ಲಿತ್ತೋ. ಕಾವೇರಿ ಕಾಯುತ್ತಿದ್ದದ್ದು ಮಾತ್ರ ನೆನಪಿದೆ — "ಆಯ್ತಾ? ಮುಂದ್ಕೋಗ್ಲಾ?"

ಮನ್ನಿಸಿದ್ದೇನೆ ಅಂತ ಬರೆಯಬಹುದು. ಪ್ರತಿಮಾ ನಂಬುತ್ತಾಳೆ. ಆದರೆ ಅದು ಕಾವೇರಿಯ ಬಾಯಿಯ ಮಾತಲ್ಲ. ನೆನಪಿಗೆ ಬಂದ ಒಂದೆರಡು ಸಾಲು ಖಂಡಿತ ಅವಳದೇ. ಅಲ್ಲಿಂದ ಶುರು ಮಾಡಿದೆ.

ಪ್ರತಿಮಾ, ಹಿತ್ಲಲ್ಲಿ ನಿನ್ ಕನಕಾಂಬ್ರ ಹೂ ಬುಟ್ಟದೆ. ಕಿತ್ತು ಕಟ್ಟಿ ಇಡ್ತೀನಿ, ಬಾಡೋಯ್ತದೆ. ನಾಳಿಕೂ ಕಟ್ತೀನಿ. ನೀನು...