ತೊಂಬತ್ತು ದಿನ ಯಾರೂ ಕರೆಯದ ಫಂಕ್ಷನ್

ಸೆಪ್ಟೆಂಬರ್ 9

ಕ್ಯಾಬ್ ಮತ್ತೆ ಲೇಟು. ಪುಣೆಯ ಹಿಂಜವಾಡಿ ಟ್ರಾಫಿಕ್‌ಗೇ ನನ್ನ ಅರ್ಧ ಆಯುಷ್ಯ ಹೋಗುತ್ತದೆ. ಇವತ್ತಿನ ಕೆಲಸ — ಸಕ್ಕರೆ ಕಾರ್ಖಾನೆಗಳಿಗೆ ನಾವು ಕೊಡುವ ಸಾಫ್ಟ್‌ವೇರ್‌ನಿಂದ ಒಂದು ಹಳೆಯ ಫಂಕ್ಷನ್ ತೆಗೆಯುವುದು. ಕಬ್ಬಿನ ಟ್ರಾಲಿ ತೂಕದ ಕಾಟಾದ ಮೇಲೆ ನಿಂತಾಗ ತೂಕ ಓದುವಂಥದ್ದು. ಹೊಸದು ಬಂದು ಎರಡು ವರ್ಷ. 'ಹಳೆಯದು ಹೋಗಲಿದೆ, ಹೊಸದು ಬಳಸಿ' ಎಂದು ನೋಟಿಸೂ ಹಾಕಿದ್ದೇವೆ. ಯಾರು ಓದುತ್ತಾರೋ!

ಮ್ಯಾನೇಜರ್ ಲೋಕನಾಥ ಸರ್, ಉಡುಪಿಯವರು — "ತೆಗ್ದುಬಿಡು ತ್ರಿವೇಣಿ. ಆದ್ರೆ ಯಾರದ್ದೂ ನಿಲ್ಬಾರ್ದು ಮಾರಾಯ್ತಿ."

ಎರಡೂ ಒಟ್ಟಿಗೆ ಹೇಗೆ? ತಲೆ ಕೆಟ್ಟಿತು.

ಸೆಪ್ಟೆಂಬರ್ 12

ನಮ್ಮ ರೂಲು: ತೊಂಬತ್ತು ದಿನ ಯಾವ ಕಾರ್ಖಾನೆಯ ಕಂಪ್ಯೂಟರೂ ಕರೆಯದಿದ್ದರೆ ಆ ಫಂಕ್ಷನ್ ಸತ್ತಂತೆ. ಕರೆಗಳ ದಾಖಲೆ, ಲಾಗ್, ನೋಡಿದೆ. ಜೂನ್‌ನಿಂದ ಇಲ್ಲಿಯತನಕ ಸೊನ್ನೆ. ಮತ್ತೊಮ್ಮೆ ನೋಡಿದೆ. ಸೊನ್ನೆಯೇ. ಅಳಿಸಿದೆ. ಸರ್ ಇಡೀ ಟೀಮ್ ಮುಂದೆ ಶಹಬ್ಬಾಸ್ ಅಂದರು. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ನವೆಂಬರ್ 3, ಬೆಳಿಗ್ಗೆ 9.40

ಬಾರಾಮತಿ ಕಡೆಯ ಒಂದು ಕಾರ್ಖಾನೆಯಿಂದ ಫೋನು. ಶಿವಪ್ರಕಾಶ ಅಂತ, ಕಾಟಾ ಆಪರೇಟರ್, ಜಮಖಂಡಿಯವರು.

"ಮೇಡಂ, ತೂಕಾನ ಬರವಲ್ದು. ನಿಮ್ಮ ಹೊಸಾ ಅಪ್‌ಡೇಟ್ ಹಾಕೀವ್ರಿ, ಎಲ್ಲಾ ನಿಂತದ."

"ಜೂನ್‌ದಿಂದ ನೀವು ಅದನ್ನ ಬಳಸೇ ಇಲ್ಲಲ್ರಿ?"

"ಜೂನ್‌ದಾಗ ಕಬ್ಬು ಎಲ್ಲಿಂದ ತರೂಣ್ರಿ? ಮಾರ್ಚ್‌ಗೇ ಕಾರ್ಖಾನಿ ಬಂದ್. ಇವತ್ತ ಸುರು ಆಗೇದ."

ಅಥಣಿಯ ಕಬ್ಬಿನ ಮನೆಯಲ್ಲಿ ಹುಟ್ಟಿದವಳು ನಾನು! ಕಬ್ಬು ನುರಿಸುವ ಹಂಗಾಮು ಯಾವಾಗ ಎಂದು ನನಗೂ ಹೊಳೆಯಲಿಲ್ಲವೇ?

ಫೋನಿನ ಹಿಂದೆ ಯಾರೋ ಮರಾಠಿಯಲ್ಲಿ ಕೂಗುತ್ತಿದ್ದರು — "ಊಸ ವಾಳತೋಯ್!" ಕಬ್ಬು ಒಣಗುತ್ತಿದೆ. ನಲವತ್ತು ಟ್ರಾಲಿ ಸಾಲಿನಲ್ಲಿವೆಯಂತೆ. ಒಣಗಿದಷ್ಟೂ ತೂಕ ಇಳಿಯುತ್ತದೆ, ಪೆಟ್ಟು ರೈತನಿಗೆ. ಎಲ್ಲ ನನ್ನ ಒಂದು ಡಿಲೀಟ್‌ನಿಂದ.

11.15

ಹಳೆಯದನ್ನು ವಾಪಸ್ ತಂದೆ. ಆದರೆ ಫಂಕ್ಷನ್‌ಗಳ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಹೊಸದಾಗಿ ಪ್ರೋಗ್ರಾಂ ಬರೆಯುವವರಿಗೆ ಅದು ಕಾಣಿಸದು. ಹಳಬರು ಕರೆದರೆ ಓಗೊಡುತ್ತದೆ.

"ಈಗ ನೀನು ತೆಗ್ದದ್ದಾ, ಇಟ್ಟದ್ದಾ?" — ಸರ್.

"ಎರಡೂ, ಸರ್."

ನನಗಾದರೂ ಎಲ್ಲಿ ಗೊತ್ತು?

1.05

"ಬಂತ್ರೀ ಮೇಡಂ! ಹದಿನೆಂಟು ಟನ್!" ಶಿವಪ್ರಕಾಶರು ಕಿವಿ ಕಿತ್ತುಹೋಗುವಂತೆ ಕೂಗಿದರು. ಬಾತ್‌ರೂಮಿಗೆ ಹೋಗಿ ಅತ್ತು ಬಂದೆ.

ನವೆಂಬರ್ 4

ರೂಲು ತಿದ್ದು ಅಂದಿದ್ದಾರೆ ಸರ್. 'ತೊಂಬತ್ತು ದಿನ' ಹೊಡೆದು 'ಒಂದು ವರ್ಷ' ಮಾಡಿದೆ. ಒಂದು ಹಂಗಾಮು ಪೂರ್ತಿ ಸಿಗುತ್ತದಲ್ಲ. ಖಾತ್ರಿ ಮಾಡಿಕೊಳ್ಳಲು ಶಿವಪ್ರಕಾಶರಿಗೆ ಫೋನ್ ಮಾಡಿದೆ.

"ಸಾಲೂದಿಲ್ರಿ. ಒಂದ್ ವರ್ಷ ಮಳಿ ಕೈಕೊಡ್ತು, ಕಾರ್ಖಾನಿ ಸುರೂನ ಆಗಲಿಲ್ಲ."

'ಎರಡು ವರ್ಷ' ಮಾಡಿದೆ. ಸತತ ಎರಡು ವರ್ಷ ಮಳೆ ಬಾರದಿದ್ದರೆ? ಮೂರು... ಯಾರೂ ಕರೆಯುತ್ತಿಲ್ಲ ಎಂದರೆ ಯಾರಿಗೂ ಬೇಡ ಎಂದು ಎಷ್ಟನೆಯ ದಿನಕ್ಕೆ ಬರೆಯಲಿ?