ಅಜ್ಜಿಯ ಎಡೆಗೊಂದು ದೆವ್ವದ ಪಿಚ್ಚರ್

ಕೆರಗೋಡು
8 ಅಕ್ಟೋಬರ್ 2025

ಮಳವಳ್ಳಿ ಮಹಾಸಂಸ್ಥಾನದ ಹಿರಿಸೊಸೆ, ರಿಟೈರ್ಡ್ ಹೆಡ್‌ಮಾಸ್ಟರರ ಮನೆಯ ನಂದಾದೀಪ, ಸತ್ಯಸಂಧೆ ಶ್ರೀಮತಿ ದೀಪಿಕಕ್ಕನವರ ಪಾದಾರವಿಂದಗಳಿಗೆ,

ನಿನ್ನ ಒಬ್ಬನೇ ತಮ್ಮ ಪ್ರೀತಂ ಮಾಡುವ ನಮಸ್ಕಾರಗಳು. ಇತ್ತ ಅವ್ವ ಕ್ಷೇಮ, ಎರಡು ಹಸುಗಳೂ ಕ್ಷೇಮ, ಎಡಗೆನ್ನೆಯೊಂದನ್ನು ಬಿಟ್ಟರೆ ನಾನೂ ಕ್ಷೇಮ. ಪಿತೃಪಕ್ಷದ ಹಬ್ಬ ಕಳೆದು ಇಷ್ಟು ದಿನವಾದ ಮೇಲೆ ಬರೆಯುತ್ತಿರುವುದಕ್ಕೆ ಕ್ಷಮಿಸಬೇಕು. ಅವತ್ತೇ ಬರೆದಿದ್ದರೆ ಈ ಕಾಗದದಲ್ಲಿ ಬೈಗುಳ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಈಗ ಬೇರೆಯೂ ಸ್ವಲ್ಪ ಇದೆ.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ನೀನು ಫೋನನ್ನು ಸ್ಪೀಕರಿಗೆ ಹಾಕಿ ಅಡುಗೆಕಟ್ಟೆಯ ಮೇಲೆ ಇಡುವವಳು. ನನ್ನ ಮಾತು ನಿನಗಿಂತ ಮುಂಚೆ ನಿನ್ನ ಅತ್ತೆಯ ಕಿವಿಗೆ ಬೀಳುತ್ತದೆ. ವಾಟ್ಸಾಪಿನಲ್ಲಿ ಕೇಳಿದ್ದಕ್ಕೆ ನೀಲಿ ಗೀಟು ಬಿತ್ತೇ ಹೊರತು ಉತ್ತರ ಬರಲಿಲ್ಲ. ಕಾಗದಕ್ಕೆ ಸ್ಪೀಕರ್ ಇಲ್ಲ. ಬಾಗಿಲು ಹಾಕಿಕೊಂಡು ಓದು.

ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ. ಊರವರು ನಂಬುವುದಿಲ್ಲ. ಪ್ರೀತಂನಿಗೆ ಸಿಟ್ಟೇ, ಅದೂ ಯಾವುದೋ ಹೊಸ ಆಟ ಇರಬೇಕು ಅನ್ನುತ್ತಾರೆ. ನೀನಾದರೂ ನಂಬು.

ದೊಡ್ಡಪ್ಪನಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅಜ್ಜಿಯನ್ನು ಎರಡನೇ ಸಲ ಹೂಳಲು ಹೊರಟವನು ಅವನು. ಹೋದ ವರ್ಷ ಅಜ್ಜಿ ತೀರಿಕೊಂಡಾಗ ನಮ್ಮ ಶಿವರಾಜು ದೊಡ್ಡಪ್ಪ ಮದ್ದೂರಿಗೆ, ನಾನು ಕೆಲಸ ಮಾಡುವ ಫ್ಲೆಕ್ಸ್ ಅಂಗಡಿಗೆ ಬಂದು, ಕಂಪ್ಯೂಟರಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತ. "ಅವ್ವನ ಪೋಟೋ ಕೆಳಿಕ್ಕೆ 'ದೈವಭಕ್ತೆ' ಅಂತ ಆಕ್ಲಾ. ಕತ್ಗೊಂದು ತುಳಸಿ ಮಣಿ ಸರ ಬರ್ಲಿ." ನಾನಂದೆ, "ದೊಡ್ಡಪ್ಪ, ಅಜ್ಜಿ ತುಳಸಿ ಗಿಡಕ್ಕೆ ಬಾಯಿ ಮುಕ್ಕಳಿಸಿದ ನೀರು ಉಗೀತಿದ್ದಳು." "ಡೈರಿ ಎಲೆಕ್ಸನ್ನು ಬತ್ತಾ ಅದೆ ಕಣ್ಲಾ, ಆಕು ಅಂದ್ರೆ ಆಕು!" ಹಾಕಿದೆ. ಮಣಿಮಣಿಯಾಗಿ ನನ್ನ ಕೈಯಲ್ಲೇ ಹಾಕಿಸಿದ. ಆ ಫ್ಲೆಕ್ಸ್ ಬಸ್‌ಸ್ಟ್ಯಾಂಡಿನಲ್ಲಿ ಒಂದು ತಿಂಗಳು ನೇತಾಡಿತು. ಅದರಲ್ಲಿದ್ದ ಮುದುಕಿ ಯಾರೋ ನನಗೆ ಗೊತ್ತಿಲ್ಲ.

ನಮ್ಮ ಅಂಕಮ್ಮಜ್ಜಿ ಯಾರೆಂದು ನನಗೆ ಗೊತ್ತು, ನಿನಗೆ ಗೊತ್ತು. ಮೂರನೆಯವರಿಗೆ ಗೊತ್ತಿಲ್ಲ. ನಸುಕಿಗೇ ಹಾಲು ಕರೆಯಲು ಏಳಬೇಕಾದ ಅವ್ವ ಉಂಡ ಕೂಡಲೇ ಮಲಗಿಬಿಡುತ್ತಿದ್ದಳು. ಆಮೇಲೆ ಒಂದೇ ಕಂಬಳಿಯೊಳಗೆ ನಾವು ಮೂವರು, ಅಜ್ಜಿ ನಡುವೆ, ಎದುರಿಗೆ ಆ ಡುಬ್ಬದ ಟಿವಿ. ಕೇಬಲ್‌ನವನು ಊರೆಲ್ಲ ಮಲಗಿದ ಮೇಲೆ ಹಾಕುತ್ತಿದ್ದ ದೆವ್ವದ ಪಿಚ್ಚರ್‌ಗಳನ್ನು ನೆನೆಸಿಕೋ. ಎಲ್ಲ ಪಿಚ್ಚರಿಗೂ ಅದೇ ಬಂಗಲೆ, ಅದೇ ಕಾರು, ಅದೇ ಕುಂಟ ವಾಚ್‌ಮನ್. ಭೂತದ ಬೆನ್ನಿಗೆ ಜಿಪ್ಪು. ಗೋರಿ ಒಡೆದರೆ ಥರ್ಮೋಕೋಲು. ಮೋಹಿನಿ ಗಾಳಿಯಲ್ಲಿ ತೇಲಿ ಬರುವಾಗ ಕೆಳಗೆ ತಳ್ಳುಗಾಡಿಯ ಚಕ್ರ. ಅವಳು ಯಾರದೋ ಕುತ್ತಿಗೆಗೆ ಕೈ ಹಾಕುವಷ್ಟರಲ್ಲಿ ಮಂಡಿನೋವಿನ ಎಣ್ಣೆಯ ಜಾಹೀರಾತು.

"ನೋಡ್ಲಾ ಪ್ರೀತು, ಸತ್ತು ನೂರು ವರ್ಸ ಆಯ್ತಂತೆ, ಕೈಲಿ ವಾಚು ಕಟ್ಟವ್ಳೆ! ಯಾವ ಬಸ್ಸಿಗೆ ಓಗ್ಬೇಕಂತೆ ಇವ್ಳು?" ಅನ್ನುತ್ತಿದ್ದಳು ಅಜ್ಜಿ. ನೀನು ಕಣ್ಣು ಮುಚ್ಚಿಕೊಂಡು ಕಿರುಚಿದರೆ, "ಕಣ್ಣಾದ್ರೂ ಬುಡು, ಬಾಯಾದ್ರೂ ಮುಚ್ಚು ಕಣೆ ದೀಪಿ, ನಿಮ್ಮವ್ವ ಎದ್ರೆ ಅವ್ಳೇ ದೊಡ್ಡ ದೆವ್ವ" ಅನ್ನುತ್ತಿದ್ದಳು. ಪಿಚ್ಚರ್ ಮುಗಿದ ಮೇಲೆ ಹಿತ್ತಲಿಗೆ ಹೋಗಲು ನಮಗೆ ಭಯ. ಅಜ್ಜಿ ಬಾಗಿಲಲ್ಲಿ ನಿಂತು, ನಾವು ಬರುವ ತನಕ ಮೋಹಿನಿಯ ವಂಶವನ್ನು ಜೋರಾಗಿ ಬೈಯುತ್ತಿದ್ದಳು. ಬೈಗುಳ ಕೇಳಿಸುವಷ್ಟು ಹತ್ತಿರಕ್ಕೆ ಯಾವ ದೆವ್ವವೂ ಬರುವುದಿಲ್ಲ ಎಂಬುದು ಅವಳ ಶಾಸ್ತ್ರ. ಕೊನೆಗೆ ಆ ದೆವ್ವದ ನಗು ಯಾರಿಗೆ ಬಂತು? ನಿನಗೆ. ಕೆರಗೋಡಿನಲ್ಲಿ ನಿನ್ನಷ್ಟು ಚೆನ್ನಾಗಿ ದೆವ್ವದ ನಗು ನಗುವವರು ಯಾರೂ ಇರಲಿಲ್ಲ. ನೀನು ನಕ್ಕರೆ ಪಕ್ಕದ ಮನೆಯ ನಾಯಿ ಊಳಿಡುತ್ತಿತ್ತು. ಅಜ್ಜಿ ಖುಷಿಗೆ ನಿನ್ನ ಬೆನ್ನು ಗುದ್ದುತ್ತಿದ್ದಳು.

ಈಗ ಎಡೆಯ ದಿನಕ್ಕೆ ಬಾ. ವರ್ಷ ತುಂಬಿದ ಮೇಲೆ ಅಜ್ಜಿಗೆ ಇದು ಮೊದಲ ಪಿತೃಪಕ್ಷ. ಸತ್ತವರು ಬದುಕಿದ್ದಾಗ ಏನನ್ನು ಆಸೆಪಟ್ಟು ತಿನ್ನುತ್ತಿದ್ದರೋ, ಯಾವುದನ್ನು ಇಷ್ಟಪಡುತ್ತಿದ್ದರೋ ಅದನ್ನೇ ಇಡಬೇಕು. ನಮ್ಮ ಮನೆಯ ಪದ್ಧತಿ ಅಷ್ಟೇ. ತಾತನಿಗೆ ಗಣೇಶ ಬೀಡಿಯ ಕಟ್ಟು ಇಡುತ್ತೇವೆ, ಯಾರೂ ನಾಚಿಕೊಳ್ಳುವುದಿಲ್ಲ. ಅಪ್ಪನಿಗೆ ಎಳನೀರು ಇಡುತ್ತೇವೆ. ಅಜ್ಜಿಯ ಎಲೆಯ ಮುಂದೆ ಮಾತ್ರ ದೊಡ್ಡಪ್ಪ ಭಜನೆ ಪುಸ್ತಕ ತಂದಿಟ್ಟ. ಓದಲು ಬಾರದವಳಿಗೆ ಪುಸ್ತಕ!

ಅದಕ್ಕೆ ನಾನು ಎಡೆಯಿಟ್ಟ ಕೋಣೆಯ ಬಾಗಿಲು ಹಾಕುವ ಮೊದಲು ನನ್ನ ಫೋನಿನಲ್ಲಿ ಆ ವಾಚು ಕಟ್ಟಿದ ಮೋಹಿನಿಯ ಪಿಚ್ಚರ್ ಹಾಕಿ, ಅಜ್ಜಿಯ ಎಲೆಯ ಪಕ್ಕ ನೀರಿನ ಚೊಂಬಿಗೆ ಒರಗಿಸಿ ಬಂದೆ. ಅದನ್ನು ಹುಡುಕಲು ನನಗೆ ಎಷ್ಟು ದಿನ ಹಿಡಿಯಿತು ಅನ್ನುವುದನ್ನು ಬಿಡು. ಸೌಂಡ್ ಪೂರ್ತಿ ಕೊಟ್ಟಿದ್ದೆ. ಬೇಕಂತಲೇ ಹೆದರಿಸಲು ಕೊಟ್ಟೆ ಎಂದು ಎಲ್ಲರೂ ಹೇಳುತ್ತಾರೆ. ಕೊನೆಕೊನೆಗೆ ಅಜ್ಜಿಗೆ ಕಿವಿ ಕೇಳಿಸುತ್ತಿರಲಿಲ್ಲ ಅಕ್ಕ. ಅದಕ್ಕೆ ಕೊಟ್ಟೆ.

ಮುಂದಿನದನ್ನು ನೀನೇ ನೋಡಿದ್ದೀಯ. ಹಿರಿಯರು ಉಣ್ಣುವ ಹೊತ್ತು ಎಂದು ಎಲ್ಲರೂ ಬಾಯಿ ಮುಚ್ಚಿಕೊಂಡು ನಡುಮನೆಯಲ್ಲಿ ಕೂತಿದ್ದಾಗ ಒಳಗಿನಿಂದ ಘಲ್ ಘಲ್ ಗೆಜ್ಜೆ, ಆಮೇಲೆ ಆ ನಗು. ನಿನ್ನ ಹೆಡ್‌ಮಾಸ್ಟರ್ ಮಾವ ವಿಜ್ಞಾನದ ಮೇಷ್ಟರಾಗಿದ್ದವರು, ಎಲ್ಲರಿಗಿಂತ ಮೊದಲು ಅಂಗಳಕ್ಕೆ ತಲುಪಿದರು. ನಿನ್ನ ಅತ್ತೆ, "ಸಾರ್ಗೆ ಖಾರ ಕಮ್ಮಿ ಆಗದೆ ಕಣ್ರವ್ವಾ, ಮುದ್ಕಿ ನಗ್ತಾವ್ಳೆ" ಅಂದರು. ದೊಡ್ಡಪ್ಪ ಬಾಗಿಲ ಮುಂದೆ ದೊಪ್ಪನೆ ಅಡ್ಡಬಿದ್ದ. "ಅವ್ವಾ, ತಪ್ಪಾಯ್ತು ಕಣವ್ವಾ! ಮಂಡ್ಯ ಆಸ್ಪತ್ರೆಲಿ ಮಲಗಿದ್ದಾಗ ಒಂದ್ಸಲನೂ ಬಂದು ನೋಡ್ನಿಲ್ಲ ನಾನು, ಕ್ವಾಪ ಮಾಡ್ಕಬ್ಯಾಡ!"

ಅಷ್ಟು ಹೊತ್ತಿಗೆ ಮಂಡಿನೋವಿನ ಎಣ್ಣೆಯ ಜಾಹೀರಾತು ಬಂತು.

ಅಷ್ಟು ಜನರೆದುರು ತಾನಾಗಿಯೇ ಒಪ್ಪಿಕೊಂಡ ಮನುಷ್ಯನಿಗೆ ಹೊಡೆಯಲು ಯಾರಾದರೂ ಬೇಕಲ್ಲ. ನನ್ನ ಕೆನ್ನೆ ಸಿಕ್ಕಿತು. ಅದಕ್ಕೆ ನನಗೆ ದುಃಖವಿಲ್ಲ. "ಅಜ್ಜಿಗೆ ಇಷ್ಟ ಕಣ್ ದೊಡ್ಡಪ್ಪ, ನಮ್ಮ ಜೊತೆ ಕೂತು ನೋಡ್ತಿದ್ದಳು" ಎಂದೆ. ಅವನು ನಿನ್ನ ಕಡೆ ತಿರುಗಿದ. "ನೀ ಯೋಳವ್ವ ದೀಪಿ, ಓದ್ದೋಳು ನೀನು. ನಮ್ಮವ್ವ ಇಂಥ ಅಲ್ಕಟ್ ಪಿಚ್ಚರ್ ನೋಡ್ತಿದ್ಲಾ?"

ನೀನು ನಿನ್ನ ಅತ್ತೆಯ ಮುಖ ನೋಡಿದೆ. ಸೆರಗು ಸರಿಮಾಡಿಕೊಂಡೆ. "ಇಲ್ಲ ದೊಡ್ಡಪ್ಪ. ಅಜ್ಜಿ ಭಜನೆ ಕೇಳ್ಕೊಂಡು ಬೇಗ ಮಲಗಿಬಿಡ್ತಿದ್ರು" ಎಂದೆ.

ಮಲಗಿಬಿಡ್ತಿದ್ರಂತೆ! ಎಷ್ಟು ನಯವಾಗಿ ಹೇಳಿದೆ. ಹೆಡ್‌ಮಾಸ್ಟರ್ ಮಾವ ತಲೆದೂಗಿದರು. ದೊಡ್ಡಪ್ಪ ಒಳಗೆ ಹೋಗಿ ಫೋನ್ ಆರಿಸಿದ, ಅಜ್ಜಿಯ ಎಲೆಯನ್ನು ಮೈಲಿಗೆಯಾಯಿತೆಂದು ಮಡಿಸಿ ಹೊರಗೆ ಎಸೆದ, ಹೊಸ ಎಲೆ ಹಾಕಿ ಭಜನೆ ಪುಸ್ತಕ ನೆಟ್ಟಗಿಟ್ಟ. ನಾನು ಹಿತ್ತಲಲ್ಲಿ ನಿಂತು ನೋಡಿದೆ. ಅಜ್ಜಿಯ ನಾಟಿಕೋಳಿ ಸಾರನ್ನು ಪಕ್ಕದ ಮನೆಯ ನಾಯಿ ತಿಂದಿತು. ನೀನು ನಕ್ಕಾಗ ಊಳಿಡುತ್ತಿದ್ದ ನಾಯಿಯ ಮರಿಮಗ ಇರಬೇಕು.

ಸುಳ್ಳು ಯಾಕೆ ಹೇಳಿದೆ ಅಂತ ನನಗೆ ಗೊತ್ತಿಲ್ಲದೆ ಇಲ್ಲ. ಮಳವಳ್ಳಿಯಲ್ಲಿ ನೀನು ಬಾಳಬೇಕು. ಆ ಮನೆಯಲ್ಲಿ ಟಿವಿ ಎಂದರೆ ವಾರ್ತೆ ಮತ್ತು ಪ್ರವಚನ ಎಂದು ನೀನೇ ಹೇಳಿದ್ದೆ. ಆದರೆ ನಾನು ಹುಟ್ಟಿದಾಗಿನಿಂದ ಮಾಡಿದ ಕುಚೇಷ್ಟೆಗಳನ್ನೆಲ್ಲ ನೀನು ಮುಚ್ಚಿಟ್ಟವಳು. ಜವರಯ್ಯ ಮೇಷ್ಟರ ಸ್ಕೂಟರಿಗೆ ನಾನು ಅಲಂಕಾರ ಮಾಡಿದಾಗಲೂ "ನನ್ನ ತಮ್ಮ ಅಲ್ಲ ಸಾರ್" ಎಂದು ಆಣೆ ಮಾಡಿದವಳು. ಸುಳ್ಳು ಹೇಳಿದಾಗಲೆಲ್ಲ ನನ್ನನ್ನು ಕಾಪಾಡಿದೆ. ಬದುಕಿನಲ್ಲಿ ಒಂದೇ ಒಂದು ಸಲ ನಾನು ತಮಾಷೆ ಮಾಡದೆ ಇದ್ದೆ, ಅವತ್ತು ಕೈಬಿಟ್ಟೆ.

ಆದ್ದರಿಂದ ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ, ದೀಪಾವಳಿಗೆ ತವರಿಗೆ ಬಂದಾಗ ತಾವು ದೊಡ್ಡಪ್ಪನ ಮುಂದೆ ನಿಂತು, ಅಜ್ಜಿ ನೋಡುತ್ತಿದ್ದಳು, ನಾವೂ ನೋಡುತ್ತಿದ್ದೆವು ಎಂದು ಹೇಳತಕ್ಕದ್ದು. ಅತ್ತೆ ಮಾವ ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು. ಹೇಳುವುದಿಲ್ಲವಾದರೆ ಅವ್ವನಿಗೋಸ್ಕರ ಬಾ, ಉಂಡು ಹೋಗು. ನನ್ನನ್ನು ಮಾತಾಡಿಸಬೇಡ.

ವಯಸ್ಸಿನಲ್ಲಿ ಕಿರಿಯನಾದರೂ ಹರಸುತ್ತೇನೆ. ನಿನ್ನ ಸಂಸಾರ ತಣ್ಣಗಿರಲಿ, ಭಾವನಿಗೆ ಮಂಡಿನೋವು ಬಾರದಿರಲಿ, ಆ ಮನೆಯಲ್ಲಿ ಯಾವತ್ತಾದರೂ ಒಂದು ದಿನ ನಿನಗೆ ಬಾಯಿತುಂಬ ನಗುವ ಯೋಗ ಬರಲಿ.

ಇತಿ,
ಒಂದು ಕೆನ್ನೆಯ ತಮ್ಮ
ಪ್ರೀತಂ

ತಾ.ಕ.: ಒಂದು ಮಾತನ್ನು ಮೇಲೆ ಬೇಕೆಂದೇ ಬರೆಯಲಿಲ್ಲ. ಯಾವ ಪಿಚ್ಚರಿನಲ್ಲಿ ಯಾವ ದೆವ್ವ ಬಂದರೂ ಅಜ್ಜಿ ಎಲೆಅಡಿಕೆಯನ್ನು ಕೆನ್ನೆಗೆ ಸರಿಸಿಕೊಂಡು, ಟಿವಿಯ ಕಡೆ ಬಗ್ಗಿ ಒಂದು ಮಾತು ಕೇಳುತ್ತಿದ್ದಳಲ್ಲ. "ನೀನು ಆ ಕಡೆಯಿಂದ ತಾನೆ ಬಂದಿರೋದು? ನನ್ ಮಗ ಸ್ವಾಮಿ ಸಿಕ್ಕಿದ್ನಾ? ಉಂಡ್ನಂತಾ?" ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಅವ್ವ ಅಳುತ್ತಾಳೆಂದು ನಮ್ಮ ಮನೆಯಲ್ಲಿ ಹಗಲು ಯಾರೂ ಅಪ್ಪನ ಹೆಸರು ಎತ್ತುತ್ತಿರಲಿಲ್ಲ. ಅಪ್ಪ ಹೋದಾಗ ನಿನಗೆ ನೆನಪಿಟ್ಟುಕೊಳ್ಳುವಷ್ಟು ವಯಸ್ಸಾಗಿತ್ತು. ನನಗೆ ಫೋಟೋ ಬಿಟ್ಟರೆ ಇರುವುದು ಅಜ್ಜಿ ಕೇಳುತ್ತಿದ್ದ ಆ ಪ್ರಶ್ನೆಯೊಂದೇ. ಅವತ್ತು ಕೋಣೆಯಲ್ಲಿ ಅಜ್ಜಿಯ ಎಲೆಯ ಪಕ್ಕದಲ್ಲೇ ಅಪ್ಪನ ಎಲೆ ಇತ್ತು. ಇನ್ನು ಅವಳು ಯಾರನ್ನೂ ಕೇಳಬೇಕಾಗಿಲ್ಲ, ಮಗನ ಪಕ್ಕ ಕೂತು ನೋಡಲಿ ಅಂತ ಫೋನನ್ನು ಎರಡು ಎಲೆಗಳ ನಡುವೆ ಇಟ್ಟಿದ್ದೆ. ನೀನು "ಇಲ್ಲ" ಅಂದಾಗ, ಅವಳು ಅಷ್ಟೊಂದು ರಾತ್ರಿಗಳು ಅಪ್ಪನ ಬಗ್ಗೆ ಕೇಳಿದ್ದೂ ಇಲ್ಲ ಅಂತ ಆಯಿತು ಅಕ್ಕ.